ಮಾಣಿಗಳು ಹೆಚ್ಚಿದರೆ ಊಟ ಬೇಗ ಬರುವುದೇ?

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಠ್ಯ)



ಮುಂಬಯಿ, ಪುಣೆ, ಹೈದರಾಬಾದ್, ಚೆನ್ನೈ, ದೆಹಲಿ, ಯಾವ ಊರೇ ಇರಲಿ, ನಮ್ಮ ಕನ್ನಡದ ಮನೆಗಳಲ್ಲಿ ಈಗ ಕಂಪ್ಯೂಟರ್ ಕೆಲಸದವರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ಅವರೆಲ್ಲ ಪ್ರೋಗ್ರಾಂ ಬರೆಯುವವರೇ ಆಗಬೇಕಿಲ್ಲ. ಬರೆದಿಟ್ಟ ಪ್ರೋಗ್ರಾಂಗಳು ಹಗಲೂ ರಾತ್ರಿ ಓಡುವಂತೆ ಸರ್ವರ್‌ಗಳನ್ನು ಕಾಯುವವರೂ ಬಹಳ ಜನ ಇದ್ದಾರೆ. ರಾತ್ರಿ ಎರಡು ಗಂಟೆಗೆ ಅವರ ಫೋನು ಬಡಿದುಕೊಳ್ಳುತ್ತದೆ. ಪಕ್ಕದ ಕೋಣೆಯಲ್ಲಿ ಮಲಗಿದ ಅಪ್ಪ ಅಮ್ಮನಿಗೆ ಕೇಳಿಸುವುದು ಒಂದೇ ಮಾತು: ‘ಹೌದು ಸರ್, ನೋಡ್ತಾ ಇದೀನಿ ಸರ್.’ ಏನನ್ನು ನೋಡುತ್ತಾರೆ, ಯಾಕೆ ಅಷ್ಟು ಹೊತ್ತು ನೋಡುತ್ತಾರೆ ಎಂಬುದು ಮನೆಯವರಿಗೆ ತಿಳಿಯುವುದಿಲ್ಲ.

ಹಾಗೆ ನೋಡುವ ನೂರು ಸಂಗತಿಗಳಲ್ಲಿ ಒಂದನ್ನು ಇವತ್ತು ತೆಗೆದುಕೊಂಡಿದ್ದೇನೆ. ವರ್ಚುಯಲ್ ಯಂತ್ರಗಳನ್ನು ಆಳುವ ಸರ್ವರಿನಲ್ಲಿ ಥ್ರೆಡ್‌ಗಳ ಸಂಖ್ಯೆ ವಿಪರೀತ ಏರಿದರೆ ಏನು ಮಾಡಬೇಕು ಎಂಬುದು ವಿಷಯ. ಹೆಸರು ಗಡುಸಾಗಿದೆ, ಒಳಗಿನ ಸಂಗತಿ ಅಷ್ಟು ಗಡುಸಲ್ಲ. ಈ ಕೆಲಸದಲ್ಲಿರುವವರಿಗೆ ಉಪಯೋಗವಾಗಲಿ, ಇಲ್ಲದವರಿಗೆ ಮನೆಯ ಮಗನೋ ಮಗಳೋ ಮಾಡುವ ಕೆಲಸದ ಪರಿಚಯವಾಗಲಿ ಎಂಬುದು ನನ್ನ ಆಸೆ.

ಮೊದಲು ವರ್ಚುಯಲ್ ಯಂತ್ರ ಎಂದರೇನು ಎಂದು ನೋಡೋಣ. ನಮ್ಮ ಊರುಗಳ ವಠಾರವನ್ನು ನೆನಪು ಮಾಡಿಕೊಳ್ಳಿ. ಕಟ್ಟಡ ಒಂದು, ಒಳಗೆ ಸಂಸಾರಗಳು ಹತ್ತು. ಪ್ರತಿ ಸಂಸಾರಕ್ಕೂ ಅದರದೇ ಒಲೆ, ಅದರದೇ ಬಾಗಿಲು. ಹಾಗೆಯೇ ಒಂದು ದೊಡ್ಡ ಕಂಪ್ಯೂಟರಿನೊಳಗೆ ಹತ್ತಿಪ್ಪತ್ತು ಕಂಪ್ಯೂಟರುಗಳು ಸಂಸಾರ ಹೂಡಿರುತ್ತವೆ. ಒಂದು ಬ್ಯಾಂಕಿನ ಲೆಕ್ಕ ನೋಡಿದರೆ ಇನ್ನೊಂದು ಆಸ್ಪತ್ರೆಯ ರಕ್ತಪರೀಕ್ಷೆಯ ವರದಿ ಇಟ್ಟುಕೊಂಡಿರುತ್ತದೆ. ಇಂಥ ವಠಾರಗಳು ಐವತ್ತೋ ನೂರೋ ಇದ್ದಾಗ ಅವೆಲ್ಲವನ್ನೂ ಒಂದೇ ಕಡೆ ಕುಳಿತು ನೋಡಿಕೊಳ್ಳಲು ಒಬ್ಬ ಮೇಸ್ತ್ರಿ ಬೇಕು. ಆ ಮೇಸ್ತ್ರಿಯೇ ಮ್ಯಾನೇಜ್‌ಮೆಂಟ್ ಸರ್ವರ್.

ಹೆಚ್ಚು ಜನ ಬಲ್ಲ ಉದಾಹರಣೆ ವಿಎಂವೇರ್‌ನ ವಿಸೆಂಟರ್. ವಿಎಂವೇರ್ ಕಂಪನಿ ಹುಟ್ಟಿದ್ದು 1998ರಲ್ಲಿ. ಅದರ ಈ ಮೇಸ್ತ್ರಿ ತಂತ್ರಾಂಶ 2003ರಲ್ಲಿ ವರ್ಚುಯಲ್ ಸೆಂಟರ್ ಎಂಬ ಹೆಸರಿನಲ್ಲಿ ಬಂತು, 2009ರಲ್ಲಿ ವಿಸೆಂಟರ್ ಆಯಿತು. ಮೊದಲು ಅದನ್ನು ವಿಂಡೋಸ್ ಮೇಲೆ ಹಾಕುತ್ತಿದ್ದರು. 2020ರಲ್ಲಿ ಬಂದ 7.0 ಆವೃತ್ತಿಯಿಂದ ಅದು ಲಿನಕ್ಸ್ ಮೇಲೆ ಓಡುವ ಸಿದ್ಧ ಪೆಟ್ಟಿಗೆಯಾಗಿ ಮಾತ್ರ ಬರುತ್ತದೆ. ಕಂಪನಿಯನ್ನು 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕೊಂಡುಕೊಂಡಿತು. ಆಮೇಲೆ ಬೇರೆ ತಂತ್ರಾಂಶದ ಕಡೆ ಹೋದವರೂ ಇದ್ದಾರೆ. ಅವರಿಗೂ ನಾನು ಹೇಳುವ ಕ್ರಮ ಅನ್ವಯಿಸುತ್ತದೆ, ಏಕೆಂದರೆ ರೋಗ ಎಲ್ಲ ಕಡೆಯೂ ಒಂದೇ ರೀತಿಯದು.

ಈಗ ಥ್ರೆಡ್. ಇದಕ್ಕೆ ಮಾಟುಂಗಾದ ಉಡುಪಿ ಹೋಟೆಲಿಗೆ ಹೋಗೋಣ. ಬೆಳಗಿನ ಎಂಟು ಗಂಟೆ, ಗಿರಾಕಿಗಳು ತುಂಬಿದ್ದಾರೆ. ಮಾಣಿ ಬಂದು ಆರ್ಡರ್ ತೆಗೆದುಕೊಂಡು, ಅಡುಗೆಮನೆಯ ಕಿಂಡಿಗೆ ಹೋಗಿ ‘ಎರಡು ಸೆಟ್ ದೋಸೆ’ ಎನ್ನುತ್ತಾನೆ. ಭಟ್ಟರು ಕೊಟ್ಟ ಮೇಲೆ ತಂದು ಮೇಜಿನ ಮೇಲಿಡುತ್ತಾನೆ. ಸರ್ವರಿನೊಳಗಿನ ಒಂದೊಂದು ಥ್ರೆಡ್ಡೂ ಇಂಥ ಒಬ್ಬ ಮಾಣಿ. ಹೊರಗಿನಿಂದ ಒಂದು ಕೋರಿಕೆ ಬಂದರೆ ಅದನ್ನು ಹಿಡಿದುಕೊಂಡು ಒಳಗೆ ಓಡುವುದು, ಉತ್ತರ ತರುವುದು ಅವನ ಕೆಲಸ.

ಮಾಣಿಗಳ ಸಂಖ್ಯೆ ಇದ್ದಕ್ಕಿದ್ದಂತೆ ಹತ್ತರಿಂದ ನೂರಕ್ಕೆ ಏರಿದರೆ ‘ಗಿರಾಕಿ ಹೆಚ್ಚಾಗಿರಬೇಕು’ ಎಂದು ನಮಗೆ ಮೊದಲು ಅನ್ನಿಸುತ್ತದೆ. ಆದರೆ ಒಳಗೆ ಹೋಗಿ ನೋಡಿದರೆ ತೊಂಬತ್ತು ಮಾಣಿಗಳು ಕಿಂಡಿಯ ಮುಂದೆ ತಟ್ಟೆ ಹಿಡಿದು ಸುಮ್ಮನೆ ನಿಂತಿರುತ್ತಾರೆ. ಗಿರಾಕಿಗಳು ಅಷ್ಟೇ ಇದ್ದಾರೆ. ನಿಧಾನವಾಗಿರುವುದು ಅಡುಗೆಮನೆ.

ಇದಕ್ಕೊಂದು ಲೆಕ್ಕವಿದೆ. ಅಮೆರಿಕದ ಜಾನ್ ಲಿಟಲ್ ಎಂಬ ವಿದ್ವಾಂಸರು 1961ರಲ್ಲಿ ಇದಕ್ಕೆ ಗಣಿತದ ಆಧಾರ ಕೊಟ್ಟರು. ಸೂತ್ರ ಬಹಳ ಸರಳ. ಒಳಗಿರುವವರ ಸಂಖ್ಯೆ ಎಷ್ಟು? ಬರುವವರ ವೇಗವನ್ನು ಒಬ್ಬೊಬ್ಬರೂ ಒಳಗೆ ಕಳೆಯುವ ಸಮಯದಿಂದ ಗುಣಿಸಿದಷ್ಟು. ಸರ್ವರಿಗೆ ಸೆಕೆಂಡಿಗೆ 20 ಕೋರಿಕೆಗಳು ಬರುತ್ತವೆ ಎನ್ನಿ. ಒಂದೊಂದಕ್ಕೂ ಸೆಕೆಂಡಿನ ಹತ್ತನೇ ಒಂದು ಭಾಗ ಸಾಕಾದರೆ ಯಾವ ಕ್ಷಣದಲ್ಲಿ ನೋಡಿದರೂ ಸರಾಸರಿ 2 ಥ್ರೆಡ್‌ಗಳು ಕೆಲಸದಲ್ಲಿರುತ್ತವೆ. ಅದೇ ಕೋರಿಕೆಗೆ ಉತ್ತರ ಬರಲು 5 ಸೆಕೆಂಡು ಹಿಡಿದರೆ? 20ನ್ನು 5ರಿಂದ ಗುಣಿಸಿ, 100 ಥ್ರೆಡ್ ಆಯಿತು. ಕೆಲಸ ಒಂದಿಷ್ಟೂ ಹೆಚ್ಚಲಿಲ್ಲ, ಕಾಯುವ ಹೊತ್ತು ಹೆಚ್ಚಿತು. ಥ್ರೆಡ್ಡು 50 ಪಟ್ಟಾಯಿತು.

5 ಸೆಕೆಂಡು ಎಂಬ ಅಂಕಿಯನ್ನು ನಾನು ಸುಮ್ಮನೆ ಆರಿಸಲಿಲ್ಲ. ಲಿನಕ್ಸ್‌ನಲ್ಲಿ ಒಂದು ಕಂಪ್ಯೂಟರಿನ ಹೆಸರು ಕೊಟ್ಟು ವಿಳಾಸ ಕೇಳುವಾಗ, ಪಟ್ಟಿಯ ಮೊದಲನೇ ಡಿಎನ್‌ಎಸ್ ಸರ್ವರ್ ಸತ್ತಿದ್ದರೆ, ಎರಡನೆಯದನ್ನು ಕೇಳುವ ಮುಂಚೆ ಸಾಮಾನ್ಯವಾಗಿ ಕಾಯುವುದು 5 ಸೆಕೆಂಡು. ಯಾರೋ ಒಂದು ಹಳೆಯ ಡಿಎನ್‌ಎಸ್ ಯಂತ್ರವನ್ನು ತೆಗೆದುಹಾಕುತ್ತಾರೆ. ಅದರ ವಿಳಾಸ ಮಾತ್ರ ಮ್ಯಾನೇಜ್‌ಮೆಂಟ್ ಸರ್ವರಿನ ಪಟ್ಟಿಯಲ್ಲಿ ಮೊದಲನೆಯದಾಗಿ ಹಾಗೇ ಉಳಿಯುತ್ತದೆ. ಎಲ್ಲವೂ ನಡೆಯುತ್ತದೆ, ಆದರೆ ಹೆಸರು ಕೇಳಿದಾಗಲೆಲ್ಲ 5 ಸೆಕೆಂಡು ತಡ. ಅಷ್ಟರಿಂದಲೇ ಥ್ರೆಡ್‌ಗಳ ಸಂತೆ ನೆರೆಯಬಹುದು.

ಇಷ್ಟು ತಿಳಿದ ಮೇಲೆ ಪರೀಕ್ಷೆಯ ಕ್ರಮಕ್ಕೆ ಬರೋಣ. ಮೊದಲನೆಯ ಮಾತು, ಗಾಬರಿ ಬೇಡ. ವಠಾರದ ಮೇಸ್ತ್ರಿ ಜ್ವರ ಬಂದು ಮಲಗಿದರೆ ಬಾಡಿಗೆದಾರರ ಒಲೆ ಆರುವುದಿಲ್ಲ. ವಿಸೆಂಟರ್ ಸ್ತಬ್ಧವಾದರೂ ಅದರ ಕೆಳಗಿನ ವರ್ಚುಯಲ್ ಯಂತ್ರಗಳು ಓಡುತ್ತಲೇ ಇರುತ್ತವೆ. ಒಂದು ಹೋಸ್ಟ್ ಯಂತ್ರ ಕೆಟ್ಟರೆ ಅದರ ಮೇಲಿನವನ್ನು ಇನ್ನೊಂದರ ಮೇಲೆ ಎಬ್ಬಿಸುವ ಎಚ್‌ಎ ವ್ಯವಸ್ಥೆಯೂ, ಮೊದಲೇ ಹೊಂದಿಸಿದ್ದರೆ, ವಿಸೆಂಟರ್ ಇಲ್ಲದೆಯೇ ಕೆಲಸ ಮಾಡುತ್ತದೆ. ನಿಲ್ಲುವುದು ಮೇಸ್ತ್ರಿಯ ಕೈಯಿಂದಲೇ ಆಗಬೇಕಾದ ಕೆಲಸಗಳು. ಅದರ ಮೂಲಕ ಹೊಸ ಯಂತ್ರ ಹುಟ್ಟಿಸಲು ಆಗದು. ಓಡುವ ಯಂತ್ರವನ್ನು ಒಂದು ಹೋಸ್ಟಿನಿಂದ ಇನ್ನೊಂದಕ್ಕೆ ಸಾಗಿಸಲು ಆಗದು. ಎಲ್ಲಕ್ಕಿಂತ ಮುಖ್ಯವಾಗಿ, ಅದರ ಮೂಲಕ ನಡೆಯುವ ರಾತ್ರಿಯ ಬ್ಯಾಕಪ್ ತಪ್ಪಿಹೋಗುತ್ತದೆ. ಬ್ಯಾಕಪ್ ತಪ್ಪಿದ ರಾತ್ರಿಯೇ ಡಿಸ್ಕ್ ಕೆಟ್ಟರೆ ಆ ದಿನದ ವರದಿಗಳನ್ನು ಯಾರು ತಂದುಕೊಡುತ್ತಾರೆ? ಆದ್ದರಿಂದ ನಾಳೆ ನೋಡಿದರಾಯಿತು ಎನ್ನುವಂತಿಲ್ಲ. ಹಾಗೆಂದು ಮುಂದಿನ ಹತ್ತು ನಿಮಿಷದಲ್ಲಿ ಪ್ರಳಯವೂ ಆಗುವುದಿಲ್ಲ.

ಎರಡನೆಯದು, ಕೂಡಲೇ ರೀಸ್ಟಾರ್ಟ್ ಮಾಡಬಾರದು. ರೀಸ್ಟಾರ್ಟ್ ಎಂದರೆ ಎಲ್ಲ ಮಾಣಿಗಳನ್ನೂ ಮನೆಗೆ ಕಳಿಸಿ ಹೋಟೆಲಿನ ಬಾಗಿಲು ಮತ್ತೆ ತೆರೆದ ಹಾಗೆ. ಯಾರು ಯಾವ ಕಿಂಡಿಯ ಮುಂದೆ ನಿಂತಿದ್ದರು ಎಂಬ ಸಾಕ್ಷ್ಯ ಅಲ್ಲಿಗೆ ಅಳಿಸಿಹೋಯಿತು. ನಾಲ್ಕು ದಿನ ಚೆನ್ನಾಗಿದ್ದು ಐದನೆಯ ದಿನ ಅದೇ ಗೋಳು.

ಮೂರನೆಯದು, ಯಾವ ಪ್ರೋಗ್ರಾಮಿನ ಥ್ರೆಡ್ ಏರಿದೆ ಎಂದು ಗುರುತಿಸಬೇಕು. ವಿಸೆಂಟರ್ ಎಂಬ ಪೆಟ್ಟಿಗೆಯೊಳಗೆ ಹಲವು ಸೇವೆಗಳು ಒಟ್ಟಿಗೆ ಓಡುತ್ತವೆ. ಮುಖ್ಯವಾದದ್ದು ವಿಪಿಎಕ್ಸ್‌ಡಿ. ಅದರ ಜೊತೆಗೆ ಜಾವಾದಲ್ಲಿ ಬರೆದ ಸೇವೆಗಳು ಕೆಲವು, ಪೋಸ್ಟ್‌ಗ್ರೆಸ್ ಡೇಟಾಬೇಸ್ ಒಂದು. ಈ ಪೆಟ್ಟಿಗೆಯಲ್ಲೇ ವಿಮ್‌ಟಾಪ್ ಎಂಬ ಉಪಕರಣವಿದೆ, ಸೇವೆಗಳ ಹೆಸರು ಹಿಡಿದು ಯಾವುದು ಎಷ್ಟು ತಿನ್ನುತ್ತಿದೆ ಎಂದು ಅದು ತೋರಿಸುತ್ತದೆ. ಬರೀ ಲಿನಕ್ಸ್ ಬಲ್ಲವರು ಟಾಪ್ ಆಜ್ಞೆಗೆ ದೊಡ್ಡ ಎಚ್ ಅಕ್ಷರ ಸೇರಿಸಿದರೆ ಥ್ರೆಡ್‌ಗಳು ಒಂದೊಂದಾಗಿ ಕಾಣುತ್ತವೆ. ಪ್ರೋಕ್ ಎಂಬ ಕಡತಕೋಶದಲ್ಲಿ ಆ ಪ್ರೋಗ್ರಾಮಿನ ಸಂಖ್ಯೆಯ ಕೆಳಗಿರುವ ಸ್ಟೇಟಸ್ ಕಡತವನ್ನು ತೆರೆದರೆ ‘ಥ್ರೆಡ್ಸ್’ ಎಂಬ ಸಾಲಿನಲ್ಲಿ ಅಂಕಿ ಸಿಗುತ್ತದೆ.

ನಾಲ್ಕನೆಯದು, ಅಂಕಿಯ ಗಾತ್ರಕ್ಕಿಂತ ಅದರ ನಡೆಯನ್ನು ನೋಡಬೇಕು. 400 ಥ್ರೆಡ್ ಇದೆ ಎಂದ ಮಾತ್ರಕ್ಕೆ ರೋಗವಲ್ಲ. ಹೋಸ್ಟುಗಳು ಹೆಚ್ಚಿರುವ ಕಡೆ ಅದೇ ಸಹಜವಿರಬಹುದು. ಹತ್ತು ನಿಮಿಷಕ್ಕೊಮ್ಮೆ ಅಂಕಿ ಬರೆದಿಡಿ. ಸಮುದ್ರದ ಅಲೆಯಂತೆ ಏರಿ ಇಳಿಯುತ್ತಿದ್ದರೆ ಅದು ಹೊತ್ತಿಗೆ ತಕ್ಕ ಹೊರೆ. ಏರಿಳಿತ ರಾತ್ರಿ ಹನ್ನೆರಡಕ್ಕೇ ಆಗುತ್ತಿದ್ದರೆ ಬ್ಯಾಕಪ್‌ಗಳೆಲ್ಲ ಒಟ್ಟಿಗೆ ಶುರುವಾಗುತ್ತಿವೆ ಎಂದು ಊಹಿಸಬಹುದು, ಅವುಗಳ ವೇಳೆಯನ್ನು ಹಂಚಿದರೆ ಸಾಕು. ಮೆಟ್ಟಿಲಿನಂತೆ ಏರುತ್ತಲೇ ಹೋಗಿ ಒಮ್ಮೆಯೂ ಇಳಿಯದಿದ್ದರೆ ಮಾತ್ರ ಒಳಗೆ ಹೋದವರು ಹೊರಗೆ ಬರುತ್ತಿಲ್ಲ ಎಂದು ಅರ್ಥ.

ಐದನೆಯದು, ಥ್ರೆಡ್‌ಗಳು ದುಡಿಯುತ್ತಿವೆಯೋ ಕಾಯುತ್ತಿವೆಯೋ? ಸಂಖ್ಯೆ ಹೆಚ್ಚು, ಸಿಪಿಯು ಬಳಕೆ ಕಡಿಮೆ ಎಂದಾದರೆ ಹೆಚ್ಚಿನವು ಕಾಯುತ್ತಿವೆ. ಎಲ್ಲಿ ಕಾಯುತ್ತಿವೆ ಎಂದು ತಿಳಿಯಲು ಥ್ರೆಡ್ ಡಂಪ್ ತೆಗೆಯಬೇಕು, ಅಂದರೆ ಆ ಕ್ಷಣದಲ್ಲಿ ಯಾವ ಥ್ರೆಡ್ ಎಲ್ಲಿ ನಿಂತಿದೆ ಎಂಬುದರ ಫೋಟೋ. ಜಾವಾ ಸೇವೆಗಳಿಗೆ ಜೆಸ್ಟ್ಯಾಕ್ ಎಂಬ ಉಪಕರಣ ಇದನ್ನು ಮಾಡುತ್ತದೆ. ಒಂದೇ ಫೋಟೋ ಸಾಲದು. ಹತ್ತು ಸೆಕೆಂಡಿನ ಅಂತರದಲ್ಲಿ ಮೂರು ತೆಗೆಯಿರಿ. ಮೂರರಲ್ಲೂ ಅದೇ ಥ್ರೆಡ್ ಅದೇ ಜಾಗದಲ್ಲಿದ್ದರೆ ಅದು ಸಿಕ್ಕಿಕೊಂಡಿದೆ. ವಿಪಿಎಕ್ಸ್‌ಡಿ ಜಾವಾದ್ದಲ್ಲ. ಅದಕ್ಕೆ ಅದರ ಲಾಗ್ ಕಡತವನ್ನೂ ಪಕ್ಕದಲ್ಲೇ ಇರುವ ಪ್ರೊಫೈಲರ್ ಲಾಗನ್ನೂ ಓದಬೇಕು. ತಯಾರಕರ ಸಹಾಯ ಕೇಳುವುದಿದ್ದರೆ ರೀಸ್ಟಾರ್ಟಿಗೆ ಮೊದಲೇ ಲಾಗ್‌ಗಳ ಗಂಟು ಕಟ್ಟಿಟ್ಟುಕೊಳ್ಳಬೇಕು.

ಕಾಯುವ ಕಿಂಡಿಗಳು ಬಹಳ ಇಲ್ಲ. ಡೇಟಾಬೇಸ್ ಒಂದು. ಹೆಸರು ಹುಡುಕುವ ಡಿಎನ್‌ಎಸ್ ಒಂದು. ಗುರುತು ಪರೀಕ್ಷಿಸುವ ಆಕ್ಟಿವ್ ಡೈರೆಕ್ಟರಿ ಒಂದು. ಉತ್ತರ ಕೊಡದ ಹೋಸ್ಟ್ ಒಂದು. ನಿಧಾನವಾದ ಸ್ಟೋರೇಜ್ ಇನ್ನೊಂದು. ಈ ಐದನ್ನು ಒಂದೊಂದಾಗಿ ನೋಡಿದರೆ ಬಹುಪಾಲು ಕಾರಣ ಸಿಕ್ಕಿಬಿಡುತ್ತದೆ.

ಇಲ್ಲಿ ಒಂದು ಪ್ರಸಂಗ ಹೇಳಬೇಕು. ಊರು ಪುಣೆ, ಕಂಪನಿಯ ಹೆಸರು ಬೇಡ. ಹುಡುಗ ಹಾವೇರಿ ಕಡೆಯವನು, ಗುತ್ತಿಗೆಯ ನೌಕರಿ. ಅವನು ಸೇರಿದ ಕೆಲವು ತಿಂಗಳಲ್ಲಿ ವಿಸೆಂಟರ್ ವಾರಕ್ಕೊಮ್ಮೆ ಸ್ತಬ್ಧವಾಗತೊಡಗಿತು. ಹಿಂದಿನವರು ಬಿಟ್ಟುಹೋದ ಟಿಪ್ಪಣಿಯಲ್ಲಿ ಇದ್ದದ್ದು ಒಂದೇ ಸಾಲು, ಸೇವೆಯನ್ನು ರೀಸ್ಟಾರ್ಟ್ ಮಾಡಿ ಎಂದು. ‘ಈ ಹುಡುಗ ಬಂದ ಮೇಲೇ ಹೀಗಾಗುತ್ತಿದೆ’ ಎಂಬ ಮಾತು ಮೇಲಿನವರಲ್ಲಿ ಆಗಲೇ ಹುಟ್ಟಿತ್ತು. ಗುತ್ತಿಗೆ ಮುಗಿಯಲು ಎರಡು ತಿಂಗಳಿತ್ತು. ಊರಿನಲ್ಲಿ ತಂಗಿಯ ಮದುವೆ ಗೊತ್ತಾಗಿತ್ತು.

ಒಂದು ರಾತ್ರಿ ನನಗೆ ಫೋನು ಮಾಡಿದ. ‘ಸರ, ರೀಸ್ಟಾರ್ಟ್ ಮಾಡಿದ್ರ ಮತ್ತ ನಾಕ್ ದಿನ ಛಲೋ ಇರ್ತದರಿ. ಮಾಡಿಬಿಡ್ಲೇನ್ರಿ?’ ಎಂದ.

‘ಮಾಡೋಣಪ್ಪ. ಅದಕ್ಕೆ ಮುಂಚೆ ಹತ್ತು ನಿಮಿಷ ಬಿಡುವು ತಗೊಂಡು ಈಗಿರೋದನ್ನ ಬರ್ಕೋ’ ಎಂದೆ.

ಅವನು ಆ ರಾತ್ರಿ ಇದ್ದ ಸ್ಥಿತಿಯನ್ನು ಬರೆದುಕೊಂಡು, ಆಮೇಲೆ ರೀಸ್ಟಾರ್ಟ್ ಮಾಡಿ, ಹತ್ತು ನಿಮಿಷಕ್ಕೊಮ್ಮೆ ಥ್ರೆಡ್ ಸಂಖ್ಯೆ ತಾನಾಗಿ ದಾಖಲಾಗುವಂತೆ ಏರ್ಪಾಡು ಮಾಡಿದ. ನಾಲ್ಕು ದಿನದ ಅಂಕಿ ಸೇರಿತು. ಗೆರೆ ಮೆಟ್ಟಿಲಿನಂತೆ ಏರಿತ್ತು. ಅದರಲ್ಲಿ ಅವನೇ ಕಂಡುಹಿಡಿದ ಒಂದು ಸಂಗತಿ ನನಗೆ ಬಹಳ ಮೆಚ್ಚುಗೆಯಾಯಿತು: ಭಾನುವಾರವೂ ಅದೇ ವೇಗದಲ್ಲಿ ಏರಿತ್ತು. ಭಾನುವಾರ ಕಚೇರಿಯಲ್ಲಿ ಯಾರೂ ಲಾಗಿನ್ ಆಗುವುದಿಲ್ಲ. ಹಾಗಾದರೆ ಇದು ಮನುಷ್ಯರ ಕೆಲಸವಲ್ಲ, ಗಡಿಯಾರ ನೋಡಿಕೊಂಡು ಓಡುವ ಯಾವುದೋ ಯಂತ್ರದ ಕೆಲಸ.

ವಿಸೆಂಟರಿನಲ್ಲಿ ಈಗ ಯಾರು ಯಾರು ಒಳಗಿದ್ದಾರೆ ಎಂದು ತೋರಿಸುವ ಸೆಷನ್ ಪಟ್ಟಿ ಇದೆ. ಅದನ್ನು ತೆರೆದರೆ ಒಂದೇ ಖಾತೆಯ ಹೆಸರು ಸಾಲುಸಾಲಾಗಿ ಇತ್ತು. ಅದು ವರದಿ ತಯಾರಿಸುವ ಒಂದು ಯಂತ್ರದ ಖಾತೆ. ಅಲ್ಲಿ ಐದು ನಿಮಿಷಕ್ಕೊಮ್ಮೆ ಒಂದು ಸ್ಕ್ರಿಪ್ಟ್ ಓಡುತ್ತಿತ್ತು, ಗಂಟೆಗೆ 12, ದಿನಕ್ಕೆ 288 ಸಲ. ಪ್ರತಿ ಸಲವೂ ಅದು ವಿಸೆಂಟರಿನ ಡೇಟಾಬೇಸಿನಲ್ಲಿರುವ ಘಟನೆಗಳ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೂ ಕೇಳುತ್ತಿತ್ತು.

ಎರಡು ವರ್ಷ ಇದರಿಂದ ತೊಂದರೆ ಆಗಿರಲಿಲ್ಲ. ಯಾಕೆ? ಉತ್ತರ ನಾಲ್ಕು ನಿಮಿಷದೊಳಗೆ ಬರುತ್ತಿದ್ದಷ್ಟು ಕಾಲ, ಒಂದು ಪ್ರತಿ ಮುಗಿದ ಮೇಲೇ ಇನ್ನೊಂದು ಶುರುವಾಗುತ್ತಿತ್ತು. ಘಟನೆಗಳ ಪಟ್ಟಿ ಬೆಳೆಯುತ್ತ ಹೋಗಿ ಉತ್ತರಕ್ಕೆ ಆರು ನಿಮಿಷ ಬೇಕಾದ ದಿನ, ಮೊದಲನೆಯದು ಮುಗಿಯುವ ಮುಂಚೆಯೇ ಎರಡನೆಯದು ಬಂದು ಕಿಂಡಿಯ ಮುಂದೆ ನಿಂತಿತು. ಇಬ್ಬರು ಕೇಳಿದ್ದರಿಂದ ಅಡುಗೆಮನೆ ಇನ್ನೂ ನಿಧಾನವಾಯಿತು. ಮೂರನೆಯದು ಬಂತು, ನಾಲ್ಕನೆಯದು ಬಂತು. ಇಷ್ಟು ಹೊತ್ತು ಕಾದು ಬಿಟ್ಟುಬಿಡು ಎಂಬ ಮಿತಿಯನ್ನು ಆ ಸ್ಕ್ರಿಪ್ಟಿನಲ್ಲಿ ಬರೆದೇ ಇರಲಿಲ್ಲ. ಬಂದವರು ಕಾಯುತ್ತಲೇ ಉಳಿದರು.

ಸರಿಪಡಿಸಿದ್ದು ಅರ್ಧ ಗಂಟೆಯ ಕೆಲಸ. ಹಿಂದಿನ ಸಲದಿಂದ ಈಚೆಗೆ ನಡೆದ ಘಟನೆಗಳನ್ನು ಮಾತ್ರ ಕೇಳು, ಮುಗಿದ ಮೇಲೆ ಲಾಗೌಟ್ ಆಗು, ಎರಡು ನಿಮಿಷದಲ್ಲಿ ಉತ್ತರ ಬಾರದಿದ್ದರೆ ಬಿಡು, ಒಂದು ಪ್ರತಿ ಓಡುತ್ತಿರುವಾಗ ಇನ್ನೊಂದು ಏಳಬೇಡ. ಈ ನಾಲ್ಕು ತಿದ್ದುಪಡಿ ಆದ ಮೇಲೆ ಥ್ರೆಡ್ ಗೆರೆ ಮಟ್ಟಸವಾಯಿತು. ಆ ಸ್ಕ್ರಿಪ್ಟ್ ಬರೆದವರು ಕೆಲಸ ಬಿಟ್ಟು ಹೋಗಿ ಎರಡು ವರ್ಷವಾಗಿತ್ತು. ಹುಡುಗ ನಾಲ್ಕು ದಿನದ ಅಂಕಿ, ಸೆಷನ್ ಪಟ್ಟಿ, ಸರಿಪಡಿಸಿದ ಮೇಲಿನ ಗೆರೆ ಮೂರನ್ನೂ ಒಂದೇ ಹಾಳೆಯಲ್ಲಿ ಮುದ್ರಿಸಿ ಮೇಲಿನವರ ಮೇಜಿನ ಮೇಲಿಟ್ಟ. ವಾದ ಮಾಡಬೇಕಾಗಿ ಬರಲಿಲ್ಲ. ಗುತ್ತಿಗೆ ಮುಂದುವರಿಯಿತು, ತಂಗಿಯ ಮದುವೆಗೆ ರಜೆಯೂ ಸಿಕ್ಕಿತು.

ಇನ್ನು ಮಾಡಬಾರದ ಎರಡು ಕೆಲಸ ಹೇಳುತ್ತೇನೆ. ಒಂದು, ಥ್ರೆಡ್‌ಗಳ ಮಿತಿ ಮುಟ್ಟಿತು ಎಂದು ಮಿತಿಯನ್ನೇ ಏರಿಸುವುದು. ಅಡುಗೆಮನೆ ನಿಧಾನವಾಗಿರುವಾಗ ಇನ್ನೂ ಐವತ್ತು ಮಾಣಿಗಳನ್ನು ಸೇರಿಸಿದರೆ ಕಿಂಡಿಯ ಮುಂದೆ ನೂಕುನುಗ್ಗಲು ಹೆಚ್ಚುತ್ತದೆ, ದೋಸೆ ಬೇಗ ಬೇಯುವುದಿಲ್ಲ. ಕೆಲವೊಮ್ಮೆ ಮಿತಿ ನಿಜಕ್ಕೂ ಚಿಕ್ಕದಿರಬಹುದು. ಆದರೆ ಕಾರಣ ತಿಳಿದ ಮೇಲೆ, ವಿಸೆಂಟರಿನ ಬ್ಯಾಕಪ್ ತೆಗೆದುಕೊಂಡ ಮೇಲೆ ಆ ಸೆಟ್ಟಿಂಗ್ ಮುಟ್ಟಬೇಕು.

ಎರಡು, ಜಾವಾದ ಒಂದು ಸಂದೇಶವನ್ನು ತಪ್ಪಾಗಿ ಓದುವುದು. ಹೊಸ ಥ್ರೆಡ್ ಹುಟ್ಟಿಸಲಾಗಲಿಲ್ಲ ಎಂಬ ದೂರನ್ನು ಜಾವಾ ‘ಔಟ್ ಆಫ್ ಮೆಮೊರಿ’ ಎಂಬ ತಲೆಬರಹದಡಿಯೇ ಕೊಡುತ್ತದೆ. ಅದನ್ನು ನೋಡಿ ಜಾವಾಕ್ಕೆ ಕೊಟ್ಟ ಹೀಪ್ ಮೆಮೊರಿಯನ್ನು ದುಪ್ಪಟ್ಟು ಮಾಡುವವರಿದ್ದಾರೆ. ಥ್ರೆಡ್ಡಿನ ಸ್ಟ್ಯಾಕಿಗೆ ಬೇಕಾದ ಜಾಗ ಹೀಪಿನ ಹೊರಗಿನದು. 64 ಬಿಟ್ ಲಿನಕ್ಸ್‌ನಲ್ಲಿ ಜಾವಾ ಒಂದೊಂದು ಥ್ರೆಡ್ಡಿಗೂ ಸಾಮಾನ್ಯವಾಗಿ 1 ಎಂಬಿ ಜಾಗ ಕಾದಿರಿಸುತ್ತದೆ. ಹೀಪ್ ಹಿಗ್ಗಿಸಿದರೆ ಹೊರಗಿನ ಜಾಗ ಇನ್ನೂ ಕುಗ್ಗುತ್ತದೆ. ಹಲವು ಸಲ ಮೆಮೊರಿ ಬೇಕಾದಷ್ಟಿದ್ದು, ಒಂದು ಸೇವೆಗೆ ಇಷ್ಟೇ ಥ್ರೆಡ್ ಎಂದು ಲಿನಕ್ಸ್ ಹಾಕಿದ ಮಿತಿಯೇ ಅಡ್ಡ ಬಂದಿರುತ್ತದೆ. ಹಳೆಯ 32 ಬಿಟ್ ವಿಂಡೋಸಿನ ಕಾಲದಲ್ಲಿ ಈ ಲೆಕ್ಕ ಕಣ್ಣಿಗೆ ಕಾಣುವಂತಿತ್ತು. ಪ್ರೋಗ್ರಾಮಿಗೆ ಸಾಮಾನ್ಯವಾಗಿ ಸಿಗುತ್ತಿದ್ದುದು 2 ಜಿಬಿ ವಿಳಾಸ, ಥ್ರೆಡ್ಡಿಗೆ 1 ಎಂಬಿ ಕಾದಿರಿಸಿದರೆ ಸುಮಾರು 2000 ಥ್ರೆಡ್ಡಿಗೆ ಕಥೆ ಮುಗಿಯುತ್ತಿತ್ತು.

ಹಳೆಯ ಆವೃತ್ತಿ ಇಟ್ಟುಕೊಂಡವರಿಗೆ ಒಂದು ಮಾತು. ವಿಸೆಂಟರ್ 6.5 ಮತ್ತು 6.7ಕ್ಕೆ ತಯಾರಕರ ಸಾಮಾನ್ಯ ಬೆಂಬಲ 2022ರ ಅಕ್ಟೋಬರಿನಲ್ಲೇ ಮುಗಿಯಿತು, 7.0ಕ್ಕೆ 2025ರ ಅಕ್ಟೋಬರಿನಲ್ಲಿ ಮುಗಿಯಿತು. ಥ್ರೆಡ್ ಬಿಟ್ಟುಕೊಡದ ದೋಷ ತಂತ್ರಾಂಶದಲ್ಲೇ ಇದ್ದರೆ ಅದರ ಮದ್ದು ಹೊಸ ಆವೃತ್ತಿಯಲ್ಲಿ ಮಾತ್ರ ಬರುತ್ತದೆ. ಈ ಮಾತನ್ನು ಮೇಲಿನವರಿಗೆ ಬರವಣಿಗೆಯಲ್ಲಿ ತಿಳಿಸಿಡುವುದು ಒಳ್ಳೆಯದು.

ಮನೆಯಲ್ಲಿರುವ ಹಿರಿಯರಿಗೂ ಒಂದು ಮಾತು. ರಾತ್ರಿ ಎರಡಕ್ಕೆ ಎದ್ದ ನಿಮ್ಮ ಮಗಳು ಪರದೆ ನೋಡಿಕೊಂಡು ಏನೂ ಮಾಡದೆ ಕೂತಂತೆ ಕಂಡರೆ, ಅವಳು ಎಣಿಸುತ್ತಿರಬಹುದು. ಮೂರು ಫೋಟೋಗಳ ನಡುವಿನ ಹತ್ತು ಸೆಕೆಂಡು ಕಾಯುತ್ತಿರಬಹುದು. ಫೋನಿನ ಆ ಕಡೆಯವರು ‘ಬೇಗ ರೀಸ್ಟಾರ್ಟ್ ಮಾಡು’ ಎಂದು ಒತ್ತಾಯಿಸುತ್ತಿರುವಾಗ ಹತ್ತು ನಿಮಿಷ ತಡೆದುಕೊಳ್ಳುವುದಕ್ಕೆ ಧೈರ್ಯ ಬೇಕು. ಆ ಹತ್ತು ನಿಮಿಷದಿಂದ ಮುಂದಿನ ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತದೆ. ಒಂದು ಲೋಟ ಕಾಫಿ ಮಾಡಿ ಪಕ್ಕದಲ್ಲಿಟ್ಟು ಬನ್ನಿ, ಮಾತಾಡಿಸಬೇಡಿ.

ಕೆಲಸದಲ್ಲಿರುವ ಗೆಳೆಯರು ನಾಳೆಯೇ ಒಂದು ಕೆಲಸ ಮಾಡಬಹುದು. ಎಲ್ಲವೂ ಆರೋಗ್ಯವಾಗಿರುವ ದಿನ ನಿಮ್ಮ ಸರ್ವರಿನ ಥ್ರೆಡ್ ಸಂಖ್ಯೆ ಎಷ್ಟು ಎಂದು ಬರೆದಿಡಿ, ಬೆಳಿಗ್ಗೆ ಒಮ್ಮೆ, ಬ್ಯಾಕಪ್ ವೇಳೆಯಲ್ಲಿ ಒಮ್ಮೆ. ಸಹಜ ಅಂಕಿ ಯಾವುದೆಂದು ಗೊತ್ತಿದ್ದರೆ ಅಸಹಜವಾದದ್ದು ಬಂದ ದಿನ ಗುರುತು ಸಿಗುತ್ತದೆ.